ಗುರಾಣಿಯಲ್ಲಿ ನಮ್ಮ ಪಾಲು

ಮಾರ್ಚ್ 4, ಬುಧವಾರ

ಇವತ್ತು ಹನ್ನೆರಡು ಸಿಂಹ ಹಾಳು ಮಾಡಿದೆ.

ನಮ್ಮ ಎಂಬ್ರಾಯ್ಡರಿ ಯಂತ್ರಕ್ಕೆ ಹನ್ನೆರಡು ತಲೆ. ಒಂದು ತಲೆ ಏನು ಹೊಲಿಯುತ್ತದೋ ಉಳಿದ ಹನ್ನೊಂದೂ ಕಣ್ಣು ಮುಚ್ಚಿಕೊಂಡು ಅದನ್ನೇ ಹೊಲಿಯುತ್ತವೆ. ಶಾಲಾ ಮಕ್ಕಳ ಜೇಬಿನ ಮೇಲಿನ ಬ್ಯಾಡ್ಜು: ಗುರಾಣಿ, ಅದರೊಳಗೆ ದೀಪ, ಪುಸ್ತಕ, ಪುಸ್ತಕ ನೋಡುತ್ತ ಕೂತ ಸಿಂಹ. ಕಂಪ್ಯೂಟರಿನಲ್ಲಿ ಸಿಂಹವನ್ನು ಅದು ಹೇಗೋ ತಿರುಗಿಸಿ ಇಟ್ಟುಬಿಟ್ಟಿದ್ದೆ. ಯಜಮಾನರು ಬಂದು ನೋಡಿ, "ಏನಮ್ಮ ಇದು, ಹನ್ನೆರಡಕ್ಕೆ ಹನ್ನೆರಡೂ ಓದಲ್ಲ ಅಂತ ಮುಖ ತಿರುಗಿಸ್ಕೊಂಡು ಕೂತಿವೆ" ಎಂದರು. ಪಕ್ಕದ ಯಂತ್ರದವಳು ನಕ್ಕಳು. ನಾನೂ ನಕ್ಕೆ. ನಗಬೇಕಾದ ಜಾಗ ಅದು ಎಂದು ಗೊತ್ತಾಯಿತು.

ಪಕ್ಕದ ಯಂತ್ರದವಳನ್ನು ನಾವೆಲ್ಲ ಬಾಬಿನ್ ಎನ್ನುತ್ತೇವೆ. ಹೊಲಿಗೆ ಯಂತ್ರದೊಳಗಿನ ಆ ಪುಟ್ಟ ದಾರದ ಉರುಳೆಯ ಹಾಗೆ ಕುಳ್ಳಗೆ, ದುಂಡಗೆ, ಕೂತಲ್ಲಿ ಕೂರದೆ ಸುತ್ತುತ್ತಲೇ ಇರುತ್ತಾಳೆ. ಈ ಡೈರಿ ಕೊಟ್ಟವಳೂ ಅವಳೇ. ಬರೆದರೆ ಮನಸ್ಸು ಹಗುರಾಗುತ್ತದಂತೆ. ನನಗೆ ಭಾರವೂ ಇಲ್ಲ, ಹಗುರವೂ ಇಲ್ಲ. ಏನೂ ಅನ್ನಿಸುವುದಿಲ್ಲ, ಅಷ್ಟೇ. ಆದರೂ ಕೊಟ್ಟಿದ್ದಾಳಲ್ಲ ಎಂದು ಬರೆಯುತ್ತಿದ್ದೇನೆ.

ತಮ್ಮ ಹೋಗಿ ನಾಲ್ಕು ತಿಂಗಳಾಯಿತು. ಲಿಫ್ಟ್ ರಿಪೇರಿ ಮಾಡುತ್ತಿದ್ದ. ಯಾವುದೋ ಕಟ್ಟಡದಲ್ಲಿ ಲಿಫ್ಟು ಓಡಾಡುವ ಬಾವಿಯೊಳಗೆ ಬಿದ್ದ. ಬರೆಯಲು ಹೋದರೆ ಇಷ್ಟೇ ಇದೆ.

ನಮ್ಮ ಕೆಲಸದ ಜಾಗ ನಾಲ್ಕನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಿಕೊಂಡು ಹೋಗುತ್ತೇನೆ. ಮಂಡಿಗೆ ಒಳ್ಳೆಯದು.

ಮಾರ್ಚ್ 8, ಭಾನುವಾರ

ದೊಡ್ಡಪ್ಪ ಬಂದಿದ್ದರು. ಕಂಕುಳಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಕೈ ಚಾಚಿ ಇಸಿದುಕೊಂಡರೆ ಒಳಗೆ ಖಾಲಿ. ಮುಚ್ಚಳದ ಮೇಲಿನ ಚಿತ್ರ ತೋರಿಸಲು ತಂದದ್ದಂತೆ. ಯಾವುದೋ ಮನೆತನದ ಲಾಂಛನ. ನಡುವೆ ನಾಲ್ಕು ಭಾಗ ಮಾಡಿದ ಗುರಾಣಿ, ಆಚೀಚೆ ಹಿಂಗಾಲ ಮೇಲೆ ಎದ್ದು ನಿಂತ ಎರಡು ಮೃಗ.

"ಬಿಸ್ಕತ್ತು ಮಾಡೋರಿಗೇ ಇಷ್ಟು ಠೀವಿ ಇದೆ. ನಮಗೇನಾಗಿದೆ ಧಾಡಿ?" ಎಂದರು.

ದೊಡ್ಡಪ್ಪ ಅಂಚೆ ಕಚೇರಿಯಲ್ಲಿ ಇದ್ದವರು. ಜೀವನವಿಡೀ ಬೇರೆಯವರ ಮುದ್ರೆ ಒತ್ತಿ ಒತ್ತಿ, ತಮ್ಮದೂ ಒಂದು ಇರಲಿ ಅನ್ನಿಸಿರಬೇಕು. ಮುಂದಿನ ತಿಂಗಳು ಹನ್ನೆರಡಕ್ಕೆ ಅವರಿಗೆ ಎಂಬತ್ತು ತುಂಬುತ್ತದೆ. ಆ ದಿನ ಇಡೀ ವಂಶ ಒಂದು ಸಭಾಂಗಣದಲ್ಲಿ ಸೇರಬೇಕಂತೆ, ಗೋಡೆಯ ಮೇಲೆ ನಮ್ಮ ಲಾಂಛನ ತೂಗಬೇಕಂತೆ. ಅಜ್ಜನಿಗೆ ನಾಲ್ಕು ಮಕ್ಕಳು: ದೊಡ್ಡಪ್ಪ, ತೀರಿಕೊಂಡ ನಮ್ಮಪ್ಪ, ಅತ್ತೆ, ಚಿಕ್ಕಪ್ಪ. ಅದಕ್ಕೇ ಗುರಾಣಿಯಲ್ಲಿ ನಾಲ್ಕು ಭಾಗ, ಒಂದೊಂದು ಕವಲಿಗೆ ಒಂದೊಂದು ಗುರುತು.

"ಊರಿಗೆಲ್ಲ ಹೊಲಿದು ಕೊಡ್ತೀಯ. ಮನೆಗೂ ಒಂದು ಹೊಲಿ ಮಗಳೇ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಹೇಗಿದ್ದೀಯಮ್ಮ?" ಎಂದರು. "ಇದ್ದೀನಿ ಭಾವ" ಎಂದಳು. ಇವತ್ತು ಅವಳು ಆಡಿದ ಮಾತು ಅದೊಂದೇ.

ದೊಡ್ಡಪ್ಪನಿಗೆ ಆಯ್ತು ಎಂದೆ. ಬೇಡ ಎನ್ನಬೇಕಾದರೆ ಕಾರಣ ಹುಡುಕಬೇಕಿತ್ತು.

ಮಾರ್ಚ್ 9, ಸೋಮವಾರ

ಕೆಲಸ. ಊಟ. ನಿದ್ದೆ.

ಮಾರ್ಚ್ 12, ಗುರುವಾರ

ದೊಡ್ಡಪ್ಪನ ಗುರುತು ಏನೆಂದು ಫೋನಿನಲ್ಲಿ ಅಪ್ಪಣೆಯಾಯಿತು: ಕುದುರೆ, ಅದರ ಮೇಲೆ ಕತ್ತಿ ಹಿರಿದ ದಂಡನಾಯಕ. ನಮ್ಮ ಮುತ್ತಜ್ಜ ದಂಡನಾಯಕನಾಗಿದ್ದನಂತೆ. ಕೆಲಸ ಮುಗಿಸಿ ಅತ್ತೆಯ ಹೋಟೆಲಿಗೆ ಹೋಗಿ ಹೇಳಿದೆ. ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನಕ್ಕರು.

"ದಂಡನಾಯಕನಂತೆ! ದಂಡಿನ ಕುದುರೆಗಳಿಗೆ ಲಾಳ ಹೊಡೀತಿದ್ದ ಕಣೇ ನಮ್ಮ ಮುತ್ತಜ್ಜ. ದಂಡನಾಯಕನ ಮುಖ ನೋಡಿದ್ನೋ ಇಲ್ವೋ, ಕುದುರೆ ಕಾಲಂತೂ ಬೇಕಾದಷ್ಟು ನೋಡಿದ್ದ. ಒಂದು ಒದೆ ಬಿದ್ದು ಮುಂದಿನ ಹಲ್ಲೂ ಹೋಗಿತ್ತು. ನಮ್ಮಣ್ಣನದು ಯಾವಾಗಲೂ ಇಷ್ಟೇ, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ."

ಕೊನೆಗೆ ನಾನೇ ಒಂದು ದಾರಿ ಹುಡುಕಿದೆ. ಕುದುರೆ ಇರಲಿ, ಸವಾರ ಬೇಡ. ಮುಂಗಾಲು ಒಂದನ್ನು ಎತ್ತಿಸಿ ಲಾಳ ಕಾಣುವಂತೆ ಮಾಡುತ್ತೇನೆ. ದೊಡ್ಡಪ್ಪನಿಗೆ ಠೀವಿ ಕಾಣುತ್ತದೆ, ಅತ್ತೆಗೆ ಲಾಳ ಕಾಣುತ್ತದೆ. ಅತ್ತೆಯ ಭಾಗಕ್ಕೆ ಸೌಟು. ಬಸ್ ಓಡಿಸಿ ನಿವೃತ್ತರಾದ ಚಿಕ್ಕಪ್ಪನಿಗೆ ಸ್ಟೀರಿಂಗು.

"ನಿಮ್ಮದು?" ಎಂದರು ಅತ್ತೆ. ನೋಡೋಣ ಎಂದೆ.

ತಟ್ಟೆ ಹಾಕಿ ಬಡಿಸಿದರು. ತಿಂದೆ. ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ.

"ಉಪ್ಪೇ ಹಾಕಿಲ್ಲ ಕಣೇ" ಎಂದರು ಅತ್ತೆ. "ಏನಂತೀಯ ನೋಡೋಣ ಅಂತ ಕೊಟ್ಟೆ." ಆಮೇಲೆ ಉಪ್ಪಿನ ಡಬ್ಬಿ ನನ್ನ ಕಡೆ ತಳ್ಳಿದರು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಮಾರ್ಚ್ 15, ಭಾನುವಾರ

ದೊಡ್ಡಪ್ಪನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಅಮ್ಮ ಬರಲಿಲ್ಲ. ಲಾಂಛನದ ಕೆಳಗೆ ಒಂದು ಧ್ಯೇಯವಾಕ್ಯ ಇರಬೇಕು, ಗಂಭೀರವಾಗಿರಬೇಕು ಎಂದು ದೊಡ್ಡಪ್ಪನ ಹಟ. ಚಿಕ್ಕಪ್ಪ ಕೂಡಲೇ, "ಒಳಗಡೆ ಹೋಗಿ, ಹಿಂದೆ ಜಾಗ ಇದೆ, ಅಂತ ಹಾಕೋಣ. ನಲವತ್ತು ವರ್ಷ ಕೇಳಿದೀನಿ, ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿಲ್ಲ" ಎಂದರು. ಧ್ಯೇಯವಾಕ್ಯ ಅಲ್ಲಿಗೇ ನಿಂತಿತು.

ಹೊರಡುವಾಗ ದೊಡ್ಡಪ್ಪ ನನ್ನೊಬ್ಬಳನ್ನೇ ವರಾಂಡಕ್ಕೆ ಕರೆದು, ಕೈಗೆ ಒಂದು ಲೋಟ ಚಹಾ ಕೊಟ್ಟರು.

"ನಾಲ್ಕು ಭಾಗ ಬೇಡ ಮಗಳೇ. ಮೂರು ಸಾಕು."

ಚಹಾ ಒಂದು ಗುಟುಕು ಕುಡಿದೆ.

"ಲಾಂಛನ ಅನ್ನೋದು ಮುಂದಿನೋರಿಗೆ. ನನಗೆ ಮೊಮ್ಮಕ್ಕಳಿದ್ದಾರೆ, ನಿಮ್ಮತ್ತೆಗಿದ್ದಾರೆ, ನಿಮ್ಮ ಚಿಕ್ಕಪ್ಪನಿಗಿದ್ದಾರೆ. ನಿಮ್ಮ ಕವಲಲ್ಲಿ ಇನ್ನು ಯಾರು ಹೇಳು? ನಿನ್ನ ತಮ್ಮ ಇದ್ದಿದ್ರೆ ಮಾತು ಬೇರೆ. ಅದನ್ನ ಅಲ್ಲಿ ಹಾಕಿ, ನೋಡಿದಾಗಲೆಲ್ಲ ನಿಮ್ಮಮ್ಮನಿಗೂ ಸಂಕಟ. ನಿನ್ನ ಮನಸ್ಸು ನೋಯಿಸೋಕೆ ಹೇಳ್ತಿಲ್ಲಮ್ಮ."

ಕೆಟ್ಟದಾಗಿ ಹೇಳಲಿಲ್ಲ. ಮೆಲ್ಲಗೇ ಹೇಳಿದರು. ಲೆಕ್ಕಕ್ಕೆ ನೋಡಿದರೆ ತಪ್ಪೂ ಅಲ್ಲ. ನನಗೆ ವಯಸ್ಸು ನಲವತ್ತಮೂರು. ಮದುವೆಯಾಗಲಿಲ್ಲ, ಆಗದೇ ಇದ್ದುದಕ್ಕೆ ಕಥೆಯೂ ಇಲ್ಲ. ಸರಿ ದೊಡ್ಡಪ್ಪ ಎಂದು ಚಹಾ ಕುಡಿದು ಬಂದೆ.

ನಾಲಿಗೆ ಸುಟ್ಟಿದೆ ಎಂದು ಗೊತ್ತಾದದ್ದು ಮನೆಗೆ ಬಂದ ಮೇಲೆ.

ಮಾರ್ಚ್ 18, ಬುಧವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಂದೇ ತಲೆ ಓಡಿಸಿ ಮಾದರಿ ಹೊಲಿದೆ. ಮೂರು ಭಾಗ. ಬಾಬಿನ್ ಯಾವ ಬಣ್ಣ ಎಂದು ಕೇಳಿದಳು. ಯಾವುದಾದರೂ ಕೊಡು ಎಂದೆ. ಕೊಟ್ಟಳು. ಚೆನ್ನಾಗಿಯೇ ಬಂದಿದೆ.

ಮಾರ್ಚ್ 19, ಗುರುವಾರ

ಅಮ್ಮ ಒಂದು ಕಾಲದಲ್ಲಿ ಇಡೀ ಬೀದಿಗೆ ಬಟ್ಟೆ ಹೊಲಿದವಳು. ಯಾವ ಹೊಲಿಗೆ ತೋರಿಸಿದರೂ ಮೊದಲು ತಿರುಗಿಸಿ ಹಿಂಬದಿ ನೋಡುತ್ತಾಳೆ. ನನ್ನ ಮಾದರಿಯನ್ನೂ ತಿರುಗಿಸಿ, ಹೆಬ್ಬೆರಳಿನಲ್ಲಿ ಸವರಿ, "ಗಂಟು ಜಾಸ್ತಿ" ಎಂದಳು. ಆಮೇಲೆ ಮುಂಬದಿಗೆ ಬಂದಳು.

"ಇದು ಭಾವಂದು. ಇದು ನಾದಿನಿದು. ಇದು ಮೈದುನಂದು." ಬೆರಳು ಗುರಾಣಿಯ ಮೇಲೆ ಒಂದು ಸುತ್ತು ಬಂತು. "ನಮ್ಮದೆಲ್ಲಿ?"

ದೊಡ್ಡಪ್ಪ ಹೇಳಿದ್ದನ್ನು ಹೇಳಿದೆ. ಹೇಳುವಾಗ, ಬಸ್ಸು ತಡವಾಯಿತು ಎಂದು ಹೇಳುವ ಹಾಗೆ ಹೇಳಿದೆ ಅನ್ನಿಸುತ್ತದೆ.

"ನಾನಿದ್ದೀನಿ" ಎಂದಳು ಅಮ್ಮ. "ನೀನಿದ್ದೀಯ."

ಹೂಂ ಎಂದೆ.

"ಇಬ್ಬರಿದ್ದೀವಲ್ಲೇ. ಅವನು ಇದ್ದ. ನಿಮ್ಮಪ್ಪ ಇದ್ರು. ಇದ್ದೋರನ್ನ ಇರಲೇ ಇಲ್ಲ ಅಂತ ಹೊಲೀತೀಯಾ?"

ನಾಲ್ಕು ತಿಂಗಳಿಂದ ಅಮ್ಮ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದಿಲ್ಲ. ಉತ್ತರ ಕೊಡಬೇಕಿತ್ತು. ದೊಡ್ಡಪ್ಪ ಸಭಾಂಗಣ ಆಗಲೇ ಗೊತ್ತುಮಾಡಿ ಆಗಿದೆಯಂತೆ ಎಂದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತು.

ಮಾರ್ಚ್ 20, ಶುಕ್ರವಾರ

ಬೆಳಿಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆ ಬರೀ ಬಟ್ಟೆ. ಕುದುರೆ ಇಲ್ಲ, ಸೌಟಿಲ್ಲ, ಸ್ಟೀರಿಂಗಿಲ್ಲ. ಅಮ್ಮ ಒಂದೊಂದು ಹೊಲಿಗೆಯನ್ನೂ ಬಿಚ್ಚಿ, ದಾರವನ್ನೆಲ್ಲ ಒಂದು ಲೋಟದಲ್ಲಿ ತುಂಬಿಸಿಟ್ಟಿದ್ದಳು. ಬಟ್ಟೆಯ ತುಂಬ ಸೂಜಿಯ ತೂತು.

"ತೂತು ಬಿದ್ದ ಬಟ್ಟೆ ಮೇಲೆ ಮತ್ತೆ ಹೊಲಿದರೆ ಕೂರಲ್ಲ" ಎಂದಳು, ಏನೂ ಆಗಿಲ್ಲವೇನೋ ಎನ್ನುವ ಹಾಗೆ. "ಹೊಸ ಬಟ್ಟೆ ತಗೊಂಡು ಬಾ. ನಾಲ್ಕು ಮಾಡು."

"ನಾಲ್ಕನೇದರಲ್ಲಿ ಏನು ಹಾಕ್ಲಮ್ಮ?"

"ಅದು ನಿನ್ನ ಕೆಲಸ. ಮಾಡಿದ್ಮೇಲೆ ತೋರಿಸು."

ಮಾರ್ಚ್ 26, ಗುರುವಾರ

ಅಪ್ಪ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಮೊಳೆ ಬರೆದು ನೋಡಿದೆ. ಸೋಪಿನ ತುಂಡಿನ ಹಾಗೆ ಕಾಣುತ್ತಿತ್ತು. ಅಮ್ಮನ ಕತ್ತರಿ ಬರೆದೆ, ಕ್ಷೌರದಂಗಡಿಯ ಬೋರ್ಡಾಯಿತು. ತಮ್ಮನ ಸ್ಪ್ಯಾನರು ಬರೆದೆ. ಬಾಬಿನ್ ಬಗ್ಗಿ ನೋಡಿ, "ಯಾರ ಮನೆ ನಾಯಿಗೆ ಲಾಂಛನ?" ಎಂದಳು. ಮೂಳೆ ಎಂದುಕೊಂಡಿದ್ದಾಳೆ. "ಶಾಲೆಗಳಿಗೆ ಹಾಕೋ ಹಾಗೆ ಒಂದು ದೀಪ ಹಾಕಿಬಿಡಕ್ಕ. ದೀಪ ಎಲ್ಲರಿಗೂ ನಡೆಯುತ್ತೆ." ಎಲ್ಲರಿಗೂ ನಡೆಯುವಂಥದ್ದು ನನಗೆ ಬೇಡ ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ, ಅವಳು ಹಿಂದೆ ಸರಿದಳು.

ಸಂಜೆ ಮನೆಗೆ ಬಂದು ಬಾಗಿಲು ತಟ್ಟಿ ನಿಂತಿದ್ದಾಗ ಕಂಡಿತು. ಬಾಗಿಲ ಚೌಕಟ್ಟಿನಲ್ಲಿ, ನನ್ನ ಸೊಂಟದ ಎತ್ತರಕ್ಕೆ, ಪೆನ್ಸಿಲಿನಲ್ಲಿ ತಿದ್ದಿ ತಿದ್ದಿ ಬರೆದ ಎರಡು ತ್ರಿಕೋನ. ಒಂದರ ತುದಿ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ.

ತಮ್ಮ ಆರೋ ಏಳೋ ವರ್ಷದವನಿದ್ದಾಗ ಮೊದಲ ಸಲ ಲಿಫ್ಟು ನೋಡಿದ. ಮನೆಗೆ ಬಂದವನೇ ಬಾಗಿಲಿಗೂ ಲಿಫ್ಟಿನ ಬಟನ್ ಬರೆದ. ಹೊರಗಿನಿಂದ ಬಂದರೆ ಬಾಗಿಲು ಬಡಿಯುತ್ತಿರಲಿಲ್ಲ. ಮೇಲಿನ ತ್ರಿಕೋನ ಒತ್ತಿ ಕಾಯುತ್ತಿದ್ದ. ಒಳಗಿದ್ದವರು ಯಾರಾದರೂ "ಟಿಂಗ್" ಅನ್ನಬೇಕು. ಅನ್ನುವವರೆಗೆ ಒಳಗೆ ಬರುತ್ತಿರಲಿಲ್ಲ. ಅಪ್ಪ ಬೈದರು, ಅಳಿಸಿದರು. ಅವನು ಮತ್ತೆ ಬರೆದ. ದೊಡ್ಡಪ್ಪನ ಮನೆಯ ಬಾಗಿಲಿಗೆ ಹೊಸ ಬಣ್ಣ ಬಳಿದಿದ್ದಾಗ ಒತ್ತಿ, ಬೆರಳಚ್ಚು ಮೂಡಿ, ಒಂದು ಏಟೂ ತಿಂದ. ಆಳೆತ್ತರ ಬೆಳೆದು, ನಿಜವಾದ ಲಿಫ್ಟುಗಳನ್ನೇ ರಿಪೇರಿ ಮಾಡಿ ಸುಸ್ತಾಗಿ ಬಂದಾಗಲೂ, ಬಗ್ಗಿ ಆ ಪೆನ್ಸಿಲ್ ಗುರುತು ಒತ್ತಿಯೇ ನಿಲ್ಲುತ್ತಿದ್ದ. ಅವನು ಬರುವ ಹೊತ್ತು ಅಮ್ಮನಿಗೆ ಗೊತ್ತಿತ್ತು. ಅಡುಗೆಮನೆಯಿಂದಲೇ "ಟಿಂಗ್, ಬಾರೋ" ಎನ್ನುತ್ತಿದ್ದಳು.

ದಿನಾ ಇದೇ ಬಾಗಿಲು ತಟ್ಟುತ್ತೇನೆ. ಇಷ್ಟು ದಿನ ಅದು ಕಂಡಿರಲಿಲ್ಲ. ಅಥವಾ ಕಂಡಿತ್ತೋ ಏನೋ.

ಅಳತೆ ಟೇಪು ಚೀಲದಲ್ಲೇ ಇತ್ತು. ಅಳೆದುಕೊಂಡೆ.

ಏಪ್ರಿಲ್ 1, ಬುಧವಾರ

ಅತ್ತೆಗೆ ಎಲ್ಲ ಹೇಳಿದೆ. ದೊಡ್ಡಪ್ಪ ಮೂರು ಸಾಕು ಎಂದದ್ದು ಅವರಿಗೆ ಗೊತ್ತೇ ಇರಲಿಲ್ಲವಂತೆ. ಸಿಟ್ಟು ನೆತ್ತಿಗೇರಿತು.

"ಅವನಿಗೆ ಈಗಲೇ ಹೇಳ್ಬೇಡ. ಹೇಳಿದ್ರೆ ಹತ್ತು ದಿನ ಪಂಚಾಯ್ತಿ ಆಗುತ್ತೆ. ಗೋಡೆಗೆ ಹತ್ತಿಸಿಬಿಡು. ಇಳಿಸಬೇಕು ಅಂದ್ರೆ ಅವನು ಏಣಿ ಹತ್ಬೇಕು, ಆ ಮಂಡಿ ಇಟ್ಕೊಂಡು ಎಲ್ಲಿ ಹತ್ತಾನೆ?"

ಸಂಜೆ ದೊಡ್ಡಪ್ಪನದೇ ಫೋನು. "ಮೂರೇ ತಾನೇ? ಬೇರೆ ಏನಾದ್ರೂ ಮಾಡಿದ್ರೆ ಗೋಡೆಗೆ ಹಾಕ್ಸಲ್ಲ ನೋಡು, ಈಗಲೇ ಹೇಳಿರ್ತೀನಿ."

ನೋಡೋಣ ದೊಡ್ಡಪ್ಪ ಎಂದೆ. ಸರಿ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಯಾಕೆ ಹಾಗಂದೆನೋ.

ಏಪ್ರಿಲ್ 8, ಬುಧವಾರ

ದಾರದ ಗಲಾಟೆ. ಬಟನ್ ಒತ್ತಿದಾಗ ಹತ್ತುತ್ತದಲ್ಲ, ಆ ಬೆಳಕಿನ ಬಣ್ಣ ಬೇಕಿತ್ತು. ಬಾಬಿನ್ ಕಿತ್ತಳೆ ತಂದಳು, ಅಲ್ಲ. ಕೆಂಪು, ಅಲ್ಲ. ಇಟ್ಟಿಗೆ ಬಣ್ಣ, ಅದಂತೂ ಅಲ್ಲವೇ ಅಲ್ಲ. "ಇಷ್ಟು ದಿನ ಯಾವುದು ಕೊಟ್ರೂ ತಗೋತಿದ್ದೆ, ಈಗೇನಕ್ಕ ನಿನ್ನ ರಾಗ?" ಎಂದು ಉರುಳೆಗಳ ಪೆಟ್ಟಿಗೆಯನ್ನೇ ನನ್ನ ಮುಂದೆ ಸುರಿದಳು.

ನಾಲ್ಕು ಉರುಳೆ ಹಿಡಿದು ಹೊರಗೆ ಹೋಗಿ, ನಮ್ಮ ಮಹಡಿಯ ಲಿಫ್ಟಿನ ಬಟನ್ ಒತ್ತಿ, ಬೆಳಕಿಗೆ ಒಂದೊಂದೇ ಹಿಡಿದು ನೋಡಿದೆ. ಲಿಫ್ಟು ಬಂದೇಬಿಟ್ಟಿತು. ಒಳಗಿದ್ದವರು "ಬರ್ತೀರಾ?" ಎಂದರು. ಇಲ್ಲ, ಬಣ್ಣ ನೋಡ್ತಿದ್ದೀನಿ ಎಂದೆ. ಅವರು ಬಾಗಿಲು ಮುಚ್ಚುವವರೆಗೂ ನನ್ನನ್ನೇ ನೋಡುತ್ತಿದ್ದರು. ಮೂರನೆಯದು ಹೊಂದಿತು. ಮಾಗಿದ ಹಣ್ಣಿನಂಥ ಹಳದಿ.

ಮಧ್ಯಾಹ್ನ ಅತ್ತೆ ಡಬ್ಬಿ ಕಳಿಸಿದ್ದರು. ಖಾರವೋ ಖಾರ. ಫೋನ್ ಮಾಡಿ ಬಾಯಿಗೆ ಇಡೋಕಾಗ್ತಿಲ್ಲ ಎಂದು ಹೇಳಿದೆ. "ಹೌದಾ? ನಿಜವಾಗ್ಲೂ?" ಎಂದು ಮೂರು ಸಲ ಕೇಳಿ, ಯಾಕೋ ತುಂಬ ಸಂತೋಷಪಟ್ಟರು. ವಿಚಿತ್ರ ಹೆಂಗಸು.

ಏಪ್ರಿಲ್ 10, ಶುಕ್ರವಾರ

ಮುಗಿಯಿತು. ಅಮ್ಮನಿಗೆ ತೋರಿಸಿದೆ. ಮೊದಲು ಹಿಂಬದಿ ನೋಡಿದಳು. ಗಂಟಿನ ಬಗ್ಗೆ ಏನೂ ಹೇಳಲಿಲ್ಲ. ಮುಂಬದಿ ನೋಡಿ ಮಡಿಚಿ, ತನ್ನ ತಲೆದಿಂಬಿನ ಪಕ್ಕ ಇಟ್ಟುಕೊಂಡಳು. ಭಾನುವಾರದವರೆಗೆ ಇಲ್ಲಿರಲಿ ಎಂದಳು. ತಾನೂ ಬರುತ್ತಾಳಂತೆ.

ಏಪ್ರಿಲ್ 12, ಭಾನುವಾರ

ಇವತ್ತು ಅಕ್ಷರ ಸೊಟ್ಟಗಿದ್ದರೆ ಇರಲಿ.

ಸಭಾಂಗಣಕ್ಕೆ ನಾವೇ ಮೊದಲು ಹೋದೆವು. ಚಿಕ್ಕಪ್ಪ ಏಣಿ ಹತ್ತಿ ಮೊಳೆ ಹೊಡೆದರು. "ಸ್ವಲ್ಪ ಎಡಕ್ಕೆ, ಎಡಕ್ಕೆ, ಬಸ್ಸಲ್ಲ ಅದು, ಮೆಲ್ಲಗೆ" ಎಂದು ಅತ್ತೆ ಕೆಳಗಿನಿಂದ ಕೂಗುತ್ತಿದ್ದರು. ಬಟ್ಟೆ ದೊಡ್ಡದು, ಕೆಳಗಿನ ಅಂಚು ಎದೆಯ ಎತ್ತರಕ್ಕೆ ಇಳಿಬಿದ್ದಿತ್ತು. ಮೇಲೆ ಕುದುರೆ, ಸೌಟು. ಕೆಳಗೆ ಸ್ಟೀರಿಂಗು, ಅದರ ಪಕ್ಕ ನಮ್ಮದು. ಕಪ್ಪು ನೆಲದಲ್ಲಿ ಎರಡು ತ್ರಿಕೋನ, ಕೆಳಗಿನದು ಬೂದು, ಮೇಲಿನದಕ್ಕೆ ಬೆಳಕು ಹತ್ತಿದೆ.

ದೊಡ್ಡಪ್ಪ ಹೊಸ ಕೋಟು ಹಾಕಿಕೊಂಡು, ಮೊಮ್ಮಗಳ ಕೈ ಹಿಡಿದು ಬಂದರು. ಬಾಗಿಲಿನಿಂದಲೇ ನಗುತ್ತಿದ್ದರು. ಹತ್ತಿರ ಬಂದ ಹಾಗೆ ನಗು ನಿಂತಿತು. ಭಾಗ ಎಣಿಸಿದರು. ತುಟಿ ಅಲ್ಲಾಡುತ್ತಿತ್ತು.

"ನಾನೇನು ಹೇಳಿದ್ದೆ ನಿನಗೆ?"

"ಮೂರು ಅಂದಿದ್ರಿ ದೊಡ್ಡಪ್ಪ. ನಾವು ನಾಲ್ಕು." ಧ್ವನಿ ಬಂದದ್ದು ನನ್ನಿಂದಲೇ.

"ಇಳಿಸಿ ಅದನ್ನ. ಬಂದೋರೆಲ್ಲ ಕೇಳಿದ್ರೆ ಏನು ಅಂತ ಹೇಳಲಿ ನಾನು? ಇದೇನಿದು, ಎರಡು ತ್ರಿಕೋನದ ಚಿಂದಿ?"

ಯಾರೂ ಅಲುಗಲಿಲ್ಲ. ಆಗ ಅಮ್ಮ ಕುರ್ಚಿಯಿಂದ ಎದ್ದಳು. ಗೋಡೆಯ ಹತ್ತಿರ ಹೋಗಿ, ತೋರುಬೆರಳಿನಿಂದ ಮೇಲಿನ ತ್ರಿಕೋನ ಒತ್ತಿದಳು. ಒತ್ತಿ, ಕೈ ಕೆಳಗಿಳಿಸಿ, ಬಾಗಿಲ ಮುಂದೆ ನಿಂತವರ ಹಾಗೆ ಕಾಯುತ್ತ ನಿಂತಳು.

ನಾನು ಅನ್ನಬೇಕಿತ್ತು. ಬಾಯಿ ತೆರೆದೆ. ಆಗಲಿಲ್ಲ. ಅಮ್ಮ ಕಾಯುತ್ತಲೇ ಇದ್ದಳು. ಹಾಗೇ ನಿಂತಿದ್ದರೆ ಎಷ್ಟು ಹೊತ್ತು ನಿಲ್ಲುತ್ತಿದ್ದಳೋ ಏನೋ.

"ಟಿಂಗ್."

ದೊಡ್ಡಪ್ಪ. ಕೋಟಿನ ಗುಂಡಿ ಹಿಡಿದುಕೊಂಡು, ನೆಲ ನೋಡುತ್ತ, ಕಷ್ಟಪಟ್ಟು ಹೇಳಿದರು. ಆಮೇಲೆ ತಲೆ ಎತ್ತಿ ಅಮ್ಮನ ಕಡೆ ನೋಡಿ, "ಆ ಬೆರಳಿನ ಗುರುತು ಇನ್ನೂ ಇದೆಯಮ್ಮ ನಮ್ಮ ಬಾಗಿಲ ಮೇಲೆ" ಎಂದರು. "ಮತ್ತೆ ಎರಡು ಸಲ ಬಣ್ಣ ಬಳಿಸಿದೆ. ಅಷ್ಟು ಜಾಗ ಬಿಟ್ಟು ಬಳೀರಿ ಅಂದಿದ್ದೆ."

ನಾನು ಅತ್ತುಬಿಟ್ಟೆ. ಎಲ್ಲರ ಮುಂದೆ, ಮೂಗು ಸೋರುವ ಹಾಗೆ, ಕೂಗಿ ಅತ್ತೆ. ತಮ್ಮ ಸತ್ತ ದಿನ ಅಳಲಿಲ್ಲ, ಅವನನ್ನು ಕೊಂಡೊಯ್ದ ದಿನ ಅಳಲಿಲ್ಲ. ಬಾಬಿನ್ ಹೇಳಿದ ಹಾಗೆ ಹಗುರವೇನೂ ಆಗಲಿಲ್ಲ. ಬಹಳ ನೋವಾಯಿತು, ಇನ್ನೂ ಆಗುತ್ತಿದೆ. ಅಮ್ಮ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು.

ಲಾಂಛನವನ್ನು ಯಾರೂ ಇಳಿಸಲಿಲ್ಲ. ಇಡೀ ಮಧ್ಯಾಹ್ನ ಮಕ್ಕಳು ಸಾಲಾಗಿ ಬಂದು ಒತ್ತಿದ್ದೇ ಒತ್ತಿದ್ದು. ದೊಡ್ಡಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು, ಎಲ್ಲರಿಗೂ ಟಿಂಗ್ ಅಂದರು.

ಏಪ್ರಿಲ್ 13, ಸೋಮವಾರ

ಶಾಲೆಯ ಬ್ಯಾಡ್ಜುಗಳ ಕೆಲಸ ರಾಶಿ ಬಿ‌ದ್ದಿದೆ. ಸಿಂಹಗಳೆಲ್ಲ ಪುಸ್ತಕದ ಕಡೆಗೇ ನೋಡುತ್ತಿವೆ, ಎರಡು ಸಲ ಪರೀಕ್ಷಿಸಿದೆ.

ನಿನ್ನೆ ತುಂಬ ಹೊತ್ತು ನಿಂತಿದ್ದಕ್ಕೋ ಏನೋ ಮಂಡಿ ನೋವು. ಬೆಳಿಗ್ಗೆ ಲಿಫ್ಟಿನಲ್ಲೇ ಹೋದೆ. ಎರಡನೇ ಮಹಡಿಯ ಹತ್ತಿರ ಸ್ವಲ್ಪ ಜಗ್ಗುತ್ತದೆ. ಯಾರಿಗಾದರೂ ಹೇಳಬೇಕು.